ಕೊಡೆ ಹಿಡಿದವರ ಕೈ ನೋಡುತ್ತಾ: ಕನಗನಹಳ್ಳಿಯಿಂದ ಹಂಪಿಗೆ

ಗುರುವಾರ: ಕಲಬುರಗಿ, ಸನ್ನತಿ, ಕನಗನಹಳ್ಳಿ

ಕಲ್ಲಿನಲ್ಲಿ ಕೆತ್ತಿದ ರಾಜರನ್ನು ನೋಡಿಕೊಂಡು ಬರೋಣ ಅಂದಿದ್ದು ಮಾವ. ಅಮ್ಮನ ತಮ್ಮ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ದೇವರ ಮೂರ್ತಿ ಮುಂದೆ ಎಲ್ಲರೂ ನಿಲ್ಲುತ್ತಾರೆ, ರಾಜರ ಕೆತ್ತನೆ ಮುಂದೆ ಯಾರೂ ನಿಲ್ಲೋದಿಲ್ಲ ಅನ್ನೋದು ಅವರ ಹಳೆಯ ದೂರು. ಡಿಸೆಂಬರಿನಲ್ಲಿ ಕೊನೆಗೂ ರಜೆ ಹೊಂದಿಸಿಕೊಂಡೆ. ರಾತ್ರಿ ರೈಲಿನಲ್ಲಿ ಬೆಂಗಳೂರು ಬಿಟ್ಟು, ಬೆಳಿಗ್ಗೆ ಕಲಬುರಗಿಯಲ್ಲಿ ಇಳಿದು, ಮೊದಲೇ ಹೇಳಿಟ್ಟಿದ್ದ ಕಾರು ಹತ್ತಿದೆವು.

ಹೊರಡುವ ಮುಂಚೆ ಊರಲ್ಲೇ ತಿಂಡಿ ಮುಗಿಸಿಕೊಳ್ಳಿ, ಮುಂದೆ ದಾರಿಯಲ್ಲಿ ಚಹಾ, ಭಜಿ ಬಿಟ್ಟರೆ ಹೆಚ್ಚೇನೂ ಸಿಗಲ್ಲ. ನಾವು ಬಸ್ ಸ್ಟ್ಯಾಂಡ್ ಹತ್ತಿರ ಸುಸಲಾ, ಮಿರ್ಚಿ ತಿಂದೆವು. ಮಾವನಿಗೆ ಮೊದಲ ಮಿರ್ಚಿಗೇ ಕಣ್ಣಲ್ಲಿ ನೀರು ಬಂತು. ‘ಇನ್ನೊಂದು ಹಾಕ್ಲೇನ್ರಿ?’ ಅಂತ ಅಂಗಡಿಯವನು ಕೇಳಿದ್ದಕ್ಕೆ ಬೇಡ ಅನ್ನಲಿಕ್ಕೂ ಸ್ವರ ಹೊರಡಲಿಲ್ಲ, ಅವನು ಹಾಕಿಯೇಬಿಟ್ಟ.

ಶಹಾಬಾದ ಕಡೆ ಹೋಗುವ ರಸ್ತೆಯ ಎರಡೂ ಬದಿಗೆ ತೊಗರಿ. ಕೆಲವು ಹೊಲಗಳಲ್ಲಿ ಇನ್ನೂ ಹಳದಿ ಹೂವು, ಕೆಲವು ಕಡೆ ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗಿತ್ತು. ತೊಗರಿ ಮುಗಿದ ಕಡೆ ಕಲ್ಲು. ನಮ್ಮ ಕಡೆ ಹಳೇ ಮನೆಗಳಲ್ಲಿ ನೆಲಕ್ಕೆ ಹಾಸಿರುತ್ತಾರಲ್ಲ, ಆ ಶಹಾಬಾದ ಚಪ್ಪಡಿಗಳನ್ನು ಇಲ್ಲಿ ರಸ್ತೆ ಪಕ್ಕ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿದ್ದರು. ಹೊಲದ ಬದುವಿಗೆ, ಮನೆ ಗೋಡೆಗೆ, ದನದ ಕೊಟ್ಟಿಗೆಗೆ, ಎಲ್ಲದಕ್ಕೂ ಅದೇ ಕಲ್ಲು.

ವಾಡಿ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಅದೇ ಕಲ್ಲಿನ ಚೂರು ಟೈರಿಗೆ ಹೊಕ್ಕಿತು. ಡ್ರೈವರ್ ಹುಡುಗ ಜಾಕ್ ಹಾಕುವಾಗ ಎದುರಿನ ಪಾಲಿಶ್ ಅಂಗಡಿಯಿಂದ ಒಬ್ಬ ಹಿರಿಯರು ಬಂದು ನಿಂತರು. ತಲೆ ಮೀಸೆ ಎಲ್ಲ ಕಲ್ಲಿನ ಪುಡಿಯಿಂದ ಬೆಳ್ಳಗಾಗಿತ್ತು.

‘ಯಾವೂರಿಂದ ಬಂದೀರಿ? ಏನು ನೋಡ್ಲಾಕ ಹೊಂಟೀರಿ?’

ಅಶೋಕನ ಚಿತ್ರ ಕೆತ್ತಿದ ಕಲ್ಲು ನೋಡಲಿಕ್ಕೆ ಅಂತ ಮಾವ ಹೇಳಿದರು. ಅವರಿಗೆ ರಾಜನ ಬಗ್ಗೆ ಆಸಕ್ತಿ ಇರಲಿಲ್ಲ, ಕಲ್ಲಿನ ಬಗ್ಗೆ ಇತ್ತು. ಒಂದು ಚಪ್ಪಡಿಯ ಅಂಚು ತೋರಿಸಿ, ‘ನಮ್ಮ ಕಲ್ಲು ಪದರ ಪದರ ಬಿಚ್ಚಿಕೋತದ್ರಿ. ಮ್ಯಾಗ ಗೆರಿ ಕೊರೀಬಹುದು. ಆಳ ಹೋದ್ರ ಎದ್ದು ಬರ್ತದ’ ಅಂದರು. ಮಾವ ಕೂಡಲೇ ಸ್ಕೆಚ್ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ಕನಗನಹಳ್ಳಿಯ ಕೆತ್ತನೆಗಳು ಇದೇ ಸೀಮೆಯ ಸುಣ್ಣಕಲ್ಲಿನಲ್ಲಿವೆ. ಎಷ್ಟು ತೆಳುವಾಗಿ ಕೆತ್ತಿದ್ದಾರೆ ಅಂತ ಮಧ್ಯಾಹ್ನ ನೋಡುವಾಗ ಆ ಮಾತು ನಮಗೆ ಉಪಯೋಗಕ್ಕೆ ಬಂತು.

ಮೊದಲು ಸನ್ನತಿ. ಭೀಮಾ ನದಿ ದಂಡೆಯ ಊರು. ಚಂದ್ರಲಾ ಪರಮೇಶ್ವರಿ ಗುಡಿಗೆ ಬರುವ ಭಕ್ತರೇ ಜಾಸ್ತಿ, ನಮ್ಮಂಥವರು ಕಡಿಮೆ. 1986ರಲ್ಲಿ ಈ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಅವಶೇಷ ತೆಗೆಯುವಾಗ ಕಾಳಿಯ ಮೂರ್ತಿ ನಿಂತಿದ್ದ ಪೀಠದ ಕಲ್ಲಿನಲ್ಲಿ ಅಕ್ಷರ ಕಂಡವು. ನೋಡಿದರೆ ಅಶೋಕನ ಶಾಸನ, ಎರಡೂ ಬದಿಗೆ. ಮೂರ್ತಿ ನಿಲ್ಲಿಸಲಿಕ್ಕೆ ಯಾರೋ ಹಿಂದಿನವರು ನಡುವೆ ಚೌಕಾಕಾರದ ರಂಧ್ರ ಕೊರೆದಿದ್ದರು, ಒಂದಷ್ಟು ಅಕ್ಷರ ಅಲ್ಲೇ ಹೋಯಿತು. ಉಳಿದದ್ದರಲ್ಲಿ 12ನೇ ಮತ್ತು 14ನೇ ಬಂಡೆ ಶಾಸನದ ಭಾಗಗಳಿವೆ. ಕಳಿಂಗದ ಧೌಲಿ, ಜೌಗಡ ಬಿಟ್ಟರೆ ಬೇರೆಲ್ಲೂ ಸಿಗದ ಎರಡು ಪ್ರತ್ಯೇಕ ಶಾಸನಗಳೂ ಇವೆ. 12ನೆಯದು ಎಲ್ಲ ಪಂಥದವರನ್ನೂ ಗೌರವಿಸಿ ಅನ್ನುವ ಶಾಸನ. ಅದು ಇಷ್ಟು ಕಾಲ ಕಾಳಿಯ ಪಾದದ ಕೆಳಗೆ ಇತ್ತು ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ.

ಗುಡಿಯಲ್ಲಿ ಪ್ರಸಾದದ ಊಟ ಮಾಡಿ, ಸುಮಾರು 3 ಕಿ.ಮೀ. ದೂರದ ಕನಗನಹಳ್ಳಿಗೆ ಹೋದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಡಿಸೆಂಬರ್ ಅಂತ ನಂಬಿ ಹೋಗಬೇಡಿ. ಟೋಪಿ, ನೀರು ಎರಡೂ ಬೇಕು.

ಇಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡದೊಂದು ಸ್ತೂಪ ಸಿಕ್ಕಿತು. ಅಲ್ಲಿನ ಶಾಸನಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ ಅಂತ ಕರೆಯುತ್ತವೆ. ಸ್ತೂಪ ಯಾವಾಗಲೋ ಕುಸಿದಿತ್ತು. ಮೈಗೆ ಹೊದಿಸಿದ್ದ ಕೆತ್ತನೆಯ ಚಪ್ಪಡಿಗಳು ಸುತ್ತ ಬಿದ್ದು ಮಣ್ಣಿನೊಳಗೆ ಇದ್ದವು. ಹಾಗೆ ಬಿದ್ದಿದ್ದಕ್ಕೇ ಬಹಳಷ್ಟು ಉಳಿದಿವೆ, ಅಲ್ವಾ? ನಿಂತಿದ್ದರೆ ಯಾರದೋ ಮನೆಯ ಮೆಟ್ಟಿಲಾಗಿರುತ್ತಿದ್ದವು.

ಕಾವಲಿಗಿದ್ದವರು ನಮ್ಮನ್ನು ನೋಡಿ ಮೊದಲು ಹೇಳಿದ್ದು, ‘ಫೋಟೊ ತಗೀಯೋ ಹಂಗಿಲ್ರಿ.’ ಮಾವನ ಪುಸ್ತಕ ಕಂಡ ಮೇಲೆ, ‘ಕೈಲೆ ಬರಕೋತೀರಂದ್ರ ಬರಕೋರಿ, ಅದಕ್ಕೇನಿಲ್ಲ’ ಅಂತ ನಕ್ಕರು.

ಅಶೋಕನ ಚಪ್ಪಡಿಯ ಮುಂದೆ ನಿಂತಾಗ ನನಗೆ ಮೊದಲು ಕಂಡದ್ದು ಗಾತ್ರವಲ್ಲ, ಬಣ್ಣ. ನಸು ಹಸಿರು ಬೆರೆತ ಬೂದು. ಮೇಲಂಚಿನಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಪುಟ್ಟದಾಗಿ ‘ರಾಯ ಅಸೋಕೋ’ ಅಂತಿದೆ. ಕೆಳಗೆ ನಿಂತ ಒಬ್ಬ ಗಂಡಸು. ತಲೆಗೆ ಸುತ್ತಿ ಕಟ್ಟಿದ ಪೇಟ, ಕಿವಿಯಲ್ಲಿ ಭಾರದ ಓಲೆ, ಕೊರಳಲ್ಲಿ ಹಾರ. ಪಕ್ಕದಲ್ಲಿ ರಾಣಿ. ಸುತ್ತ ಪರಿಚಾರಕಿಯರು. ಚಾಮರ ಹಿಡಿದ ಕೈ, ಕೊಡೆ ಹಿಡಿದ ಕೈ.

ಸಾಂಚಿಯಲ್ಲೂ ಅಶೋಕ ಅಂತ ವಿದ್ವಾಂಸರು ಗುರುತಿಸುವ ಕೆತ್ತನೆಗಳಿವೆ. ಆದರೆ ಅಲ್ಲಿ ಹೆಸರು ಬರೆದಿಲ್ಲ. ಇಲ್ಲಿ ಬರೆದಿದೆ, ಅದಕ್ಕೇ ಇಷ್ಟು ಹೆಸರು. ಹಾಗಂತ ಇದು ಅಶೋಕನ ಮುಖವಾ? ಖಂಡಿತ ಅಲ್ಲ. ಅಶೋಕ ಆಳಿದ್ದು ಕ್ರಿ.ಪೂ. 3ನೇ ಶತಮಾನದಲ್ಲಿ. ಇದನ್ನು ಕೆತ್ತಿದ್ದು ಎರಡು ಮೂರು ಶತಮಾನ ಕಳೆದ ಮೇಲೆ, ಶಾತವಾಹನರ ಕಾಲದಲ್ಲಿ. ಕೆತ್ತಿದವನು ಅಶೋಕನನ್ನು ಕಂಡಿಲ್ಲ, ಅವನ ಅಜ್ಜನೂ ಕಂಡಿಲ್ಲ. ತನ್ನ ಕಾಲದ ರಾಜರು ಹೇಗಿದ್ದರೋ ಹಾಗೆ ಕೆತ್ತಿ ಮೇಲೆ ಹೆಸರು ಬರೆದ.

‘ಹಾಗಾದರೆ ಇವನು ರಾಜ ಅಂತ ಹೇಗೆ ಗೊತ್ತಾಗುತ್ತೆ, ಓದು ಬರದವರಿಗೆ?’ ಅಂತ ಮಾವನನ್ನು ಕೇಳಿದೆ.

‘ಅವನ ಕೈ ನೋಡು ಪುಟ್ಟಿ. ಕತ್ತಿ ಇದೆಯಾ? ಇಲ್ಲ. ದಂಡ ಇದೆಯಾ? ಇಲ್ಲ. ಸಿಂಹಾಸನನೂ ಇಲ್ಲ, ಸುಮ್ನೆ ನಿಂತಿದ್ದಾನೆ. ಈಗ ಉಳಿದವರ ಕೈ ನೋಡು.’

ನೋಡಿದೆ. ಕೊಡೆಯ ಕಾವು ನೇರ ನಿಂತಿದೆ, ಅದನ್ನು ಬೆರಳು ಸುತ್ತಿ ಬಿಗಿಯಾಗಿ ಹಿಡಿದಿದ್ದಾಳೆ. ಚಾಮರ ಹಿಡಿದವಳ ಕೈ ಮೇಲೆತ್ತಿದೆ. ದುಡಿಯುತ್ತಿರುವ ಕೈಗಳೆಲ್ಲ ಅವರದು. ಬಿಸಿಲು ತನಗೆ ಬಿದ್ದರೂ ಪರವಾಗಿಲ್ಲ, ಇವನಿಗೆ ಬೀಳಬಾರದು ಅಂತ ನಿಂತ ಒಬ್ಬಳು ಇರೋದರಿಂದ ಇವನು ರಾಜ. ಅವಳನ್ನು ಬೆರಳಿನಿಂದ ಮರೆ ಮಾಡಿ ನೋಡಿದೆ. ಒಡವೆ ಹಾಕಿಕೊಂಡ ಒಬ್ಬ ಶ್ರೀಮಂತ ಗಂಡ, ಅವನ ಹೆಂಡತಿ, ಅಷ್ಟೇ ಉಳಿಯಿತು.

ಬೇರೆ ಚಪ್ಪಡಿಗಳಲ್ಲಿ ಕತೆ ಸ್ವಲ್ಪ ಬೇರೆ. ಇಲ್ಲಿ ಶಾತವಾಹನ ರಾಜರೂ ಹೆಸರಿನ ಸಮೇತ ಇದ್ದಾರೆ. ಶಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿ ತಾವರೆ ಅರ್ಪಿಸುತ್ತಿದ್ದಾನೆ ಅಂತ ಒಂದರ ಮೇಲೆ ಬರೆದಿದೆ. ಪುಳುಮಾವಿ ಉಜ್ಜಯಿನಿಯನ್ನು ಅಜಯತ ಅನ್ನುವವನಿಗೆ ಕೊಡುತ್ತಿದ್ದಾನೆ ಅಂತ ಇನ್ನೊಂದರ ಮೇಲೆ. ಒಂದು ಇಡೀ ನಗರವನ್ನು ಕೊಡುವುದು! ದಾನ ಮಾಡುವಾಗ ಮಾತ್ರ ರಾಜನಿಗೆ ತನ್ನದೇ ಕೈಯಿಂದ ಕೆಲಸ.

ಇನ್ನೊಂದು ವಿಷಯ ನನ್ನ ಗಮನಕ್ಕೆ ಬಂದದ್ದು ಹೊರಡುವ ಹೊತ್ತಿಗೆ. ಬುದ್ಧನನ್ನು ಮನುಷ್ಯರೂಪದಲ್ಲಿ ಕೆತ್ತದೆ ಬರೀ ಖಾಲಿ ಪೀಠ, ಪಾದದ ಗುರುತು ತೋರಿಸುವ ಹಳೆಯ ಪದ್ಧತಿಯ ಚಪ್ಪಡಿಗಳೂ ಇಲ್ಲಿವೆ. ಆ ಖಾಲಿ ಪೀಠದ ಮೇಲೂ ಕೊಡೆ ಇದೆ. ಸ್ತೂಪದ ನೆತ್ತಿಯ ಮೇಲೂ ಕೊಡೆ. ಕೆಳಗೆ ಯಾರೂ ಕಾಣದಿದ್ದರೂ ಅಲ್ಲಿ ದೊಡ್ಡವರು ಇದ್ದಾರೆ ಅಂತ ಕೊಡೆಯೊಂದೇ ಹೇಳಿಬಿಡುತ್ತೆ.

ಕೆತ್ತನೆ ನೋಡಲು ಹೋಗುವವರು ಒಂದು ಟಾರ್ಚ್ ಇಟ್ಟುಕೊಳ್ಳಿ. ಎದುರಿನಿಂದ ಬಿಟ್ಟರೆ ಏನೂ ಕಾಣಲ್ಲ, ಪಕ್ಕದಿಂದ ಓರೆಯಾಗಿ ಬಿಡಬೇಕು. ಆಗ ತೆಳು ಗೆರೆಗಳೂ ಎದ್ದು ಬರುತ್ತವೆ. ಕಾವಲಿನವರ ಅನುಮತಿ ಕೇಳಿಯೇ ಮಾಡಿ. ಅಂದಹಾಗೆ ಚಪ್ಪಡಿಗಳನ್ನು ಮತ್ತೆ ಜೋಡಿಸುವ ಕೆಲಸ ನಡೆದಿರುವುದರಿಂದ ಯಾವುದು ಎಲ್ಲಿರುತ್ತೆ, ಯಾವುದನ್ನು ತೋರಿಸುತ್ತಾರೆ ಅನ್ನೋದು ಹೋದ ದಿನದ ಮೇಲೆ.

ಆ ರಾತ್ರಿ ಶಹಾಪುರದಲ್ಲಿ ಉಳಿದೆವು. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬಡಿಸುತ್ತಿದ್ದ ಅಮ್ಮ ಮಾವನ ತಟ್ಟೆಗೆ ಕೇಳದೆ ರೊಟ್ಟಿ ಹಾಕುತ್ತಲೇ ಇದ್ದರು. ‘ಉಣ್ರಿ ಅಣ್ಣಾರ, ಹೊಟ್ಟಿ ತುಂಬ ಉಣ್ರಿ, ರೊಕ್ಕ ಒಂದೇ.’

ಶುಕ್ರವಾರ: ತಿಂಥಣಿ ಸೇತುವೆ, ಮಸ್ಕಿ, ಆನೆಗೊಂದಿ

ಬೆಳಿಗ್ಗೆ ಶಹಾಪುರದ ಹೊರಗೆ ಕಾರು ನಿಲ್ಲಿಸಿ, ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟದ ಸಾಲು ನೋಡಿದೆವು. ಹಣೆ, ಮೂಗು, ಗಲ್ಲ ಎಲ್ಲ ಸರಿಯಾಗಿ ಇದೆ, ಆದರೆ ಸರಿಯಾದ ಜಾಗದಲ್ಲಿ ನಿಲ್ಲಬೇಕು. ನೂರು ಹೆಜ್ಜೆ ಮುಂದೆ ಹೋದರೆ ಬರೀ ಗುಡ್ಡ.

ಸುರಪುರ ದಾಟಿ ತಿಂಥಣಿ ಹತ್ತಿರ ಕೃಷ್ಣೆ ಸಿಕ್ಕಳು. ಸೇತುವೆ ಆಚೆಯ ಅಂಗಡಿಗಳಲ್ಲಿ ಮೀನು ಕರಿಯುತ್ತಿದ್ದರು. ಡ್ರೈವರ್ ಹುಡುಗನ ಮುಖ ಅರಳಿತು, ಮಾವನದು ಬಾಡಿತು. ಹುಡುಗ ತಿಂದು ಬರುವವರೆಗೆ ನಾವು ಪೇರಲ ಹಣ್ಣು ತಿನ್ನುತ್ತಾ ಕೂತೆವು. ಅಲ್ಲಿಂದ ಗುರುಗುಂಟಾ, ಲಿಂಗಸುಗೂರು, ಮಸ್ಕಿ. ರಸ್ತೆ ಕೆಲವು ಕಡೆ ಚೆನ್ನಾಗಿದೆ, ಕೆಲವು ಕಡೆ ಹತ್ತಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ತೆವಳಬೇಕು. ಹಾರಿಬಂದ ಹತ್ತಿ ಜಾಲಿ ಮುಳ್ಳಿಗೆ ಸಿಕ್ಕಿಕೊಂಡು ದಾರಿಯುದ್ದಕ್ಕೂ ಬೆಳ್ಳಗೆ ಕಾಣುತ್ತಿತ್ತು.

ಮಸ್ಕಿಯಲ್ಲಿ ಅಶೋಕನ ಚಿತ್ರ ಇಲ್ಲ. ಹೆಸರಿದೆ. ಹಾಗಿದ್ದೂ ಯಾಕೆ ಹೋದಿರಿ ಅಂತ ಕೇಳಬಹುದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದಾಗ ಎಲ್ಲ ಕಡೆ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’ ಅನ್ನುವ ಬಿರುದು ಮಾತ್ರ. ಆ ರಾಜ ಅಶೋಕನೇ ಅಂತ ಸಿಂಹಳದ ಹಳೆಯ ಗ್ರಂಥಗಳನ್ನು ಹಿಡಿದು ವಿದ್ವಾಂಸರು ಹೇಳುತ್ತಿದ್ದರು, ಆದರೆ ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಸಿ. ಬೀಡನ್ ಅನ್ನುವ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಈ ಶಾಸನ ಕಂಡ. ಅದರಲ್ಲಿ ಬಿರುದಿನ ಜೊತೆಗೇ ‘ಅಸೋಕಸ’ ಅಂತ ಇತ್ತು.

ನಾವು ಹೋದಾಗ ಕಬ್ಬಿಣದ ಬಾಗಿಲಿಗೆ ಬೀಗ. ಬೀಗದ ಕೈ ಇರುವವರು ಯಾರದೋ ಮದುವೆಗೆ ಹೋಗಿದ್ದರು. ಗುಡ್ಡದ ಬುಡದಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜ ನಮ್ಮ ಪರದಾಟ ನೋಡಿ ಎದ್ದು ಬಂದರು.

‘ಸಂದಿನ್ಯಾಗಿಂದ ನೋಡ್ರಿ, ಕಾಣ್ತೈತಿ. ನಾ ಸಣ್ಣಾವಿದ್ದಾಗ ಇದಕ್ಕ ಬಾಗಿಲಾ ಇದ್ದಿಲ್ಲ. ಇದರ ಮ್ಯಾಲ ಕುಂತು ಬುತ್ತಿ ಉಣ್ಣಾವ್ರು.’

‘ಏನು ಬರೆದಿದೆ ಅಂತ ಗೊತ್ತಾ ಅಜ್ಜಾ?’ ಅಂತ ಕೇಳಿದೆ.

‘ಸಾಲಿ ಹುಡುಗರಿಗೆ ಮಾಸ್ತರು ಹೇಳಾದು ಕೇಳೇನಿ. ಸಣ್ಣಾವ್ರೂ ದೊಡ್ಡಾವ್ರೂ ಎಲ್ಲಾರೂ ಛಲೋ ಆಗಬಹುದು ಅಂತ ಐತಂತ.’

ಅಜ್ಜ ಹೇಳಿದ್ದು ಸರಿಯೇ. ಧರ್ಮದ ಹಾದಿ ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ, ಸಣ್ಣವರಿಗೂ ಸಾಧ್ಯ ಅನ್ನೋದು ಆ ಶಾಸನದ ಮುಖ್ಯ ಮಾತು. ಟಾರ್ಚನ್ನು ಸರಳಿನ ನಡುವೆ ತೂರಿಸಿ ಓರೆಯಾಗಿ ಹಿಡಿದಾಗ ಅಕ್ಷರಗಳು ಕಂಡವು. ಗ್ರಾನೈಟ್ ಬಂಡೆ, ಸುತ್ತ ಯಾವ ಅಲಂಕಾರವೂ ಇಲ್ಲ. ಕೊಡೆ ಇಲ್ಲ, ಚಾಮರ ಇಲ್ಲ. ಸ್ವತಃ ಅಶೋಕ ಕೆತ್ತಿಸಿದ್ದು ಇಂಥದ್ದು. ಕೊಡೆ ಚಾಮರ ಎಲ್ಲ ಅವನಿಗೆ ಸಿಕ್ಕಿದ್ದು ಕನಗನಹಳ್ಳಿಯಲ್ಲಿ, ಸತ್ತು ಶತಮಾನಗಳಾದ ಮೇಲೆ. ಬದುಕಿದ್ದಾಗಲೂ ಕೊಡೆ ಇದ್ದೇ ಇರುತ್ತೆ, ರಾಜನಲ್ಲವೇ. ಆದರೆ ಜನರ ಕಣ್ಣಿಗೆ ಬೀಳಲಿ ಅಂತ ಅವನು ಬಂಡೆಗೆ ಏರಿಸಿದ್ದು ಮಾತನ್ನು. ಇದು ನನಗೆ ಮಸ್ಕಿಗೆ ಹೋಗದಿದ್ದರೆ ಹೊಳೆಯುತ್ತಿರಲಿಲ್ಲ.

ಇಳಿಯುವಾಗ ಮಾವನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಅಜ್ಜ ಸೊಂಟದಿಂದ ಪಿನ್ನು ತೆಗೆದು ಸಿಕ್ಕಿಸಿಕೊಟ್ಟರು, ಅದು ಹಂಪಿವರೆಗೂ ಬಾಳಿತು. ಗುಡ್ಡಕ್ಕೆ ಶೂ ಹಾಕಿಕೊಂಡು ಹೋಗುವುದು ಒಳ್ಳೆಯದು.

ಸಿಂಧನೂರು ಬರುತ್ತಿದ್ದ ಹಾಗೆ ನೋಟ ಪೂರ್ತಿ ಬದಲಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆ ನೀರು, ಭತ್ತದ ಗದ್ದೆ, ಕಾರಟಗಿಯ ಅಕ್ಕಿ ಗಿರಣಿಗಳು, ರಸ್ತೆಯ ಅರ್ಧಕ್ಕೆ ಒಣಗಲು ಹರವಿದ ಭತ್ತ. ಗಂಗಾವತಿಯಲ್ಲಿ ಒಗ್ಗರಣಿ ಮಿರ್ಚಿ. ಈ ಸಲ ಮಾವ ಮಿರ್ಚಿಯನ್ನು ಎರಡು ಬೆರಳಿನಲ್ಲಿ ಎತ್ತಿ ನನ್ನ ತಟ್ಟೆಗೆ ದಾಟಿಸಿದರು.

ಹಂಪಿಯ ಹೋಟೆಲುಗಳಿಗಿಂತ ನದಿಯ ಈಚೆಗಿನ ಆನೆಗೊಂದಿ ನಮಗೆ ಹಿಡಿಸಿತು. ಮನೆಯಲ್ಲೇ ಕೋಣೆ ಕೊಡುತ್ತಾರೆ, ಬಾಳೆ ಎಲೆ ಊಟ ಹಾಕುತ್ತಾರೆ, ರಾತ್ರಿ ಒಂಬತ್ತಕ್ಕೆ ಊರು ಮಲಗುತ್ತೆ. ಆಚೆ ದಡಕ್ಕೆ ಹೋಗಲು ಹಗಲಿನಲ್ಲಿ ದೋಣಿ ಇದೆ. ಕಾರಿದ್ದರೆ ಕಡೆಬಾಗಿಲು–ಬುಕ್ಕಸಾಗರ ಸೇತುವೆ.

ಶನಿವಾರ: ಮಹಾನವಮಿ ದಿಬ್ಬ, ಹಜಾರರಾಮ, ವರಾಹ ಗುಡಿ

ಮಹಾನವಮಿ ದಿಬ್ಬಕ್ಕೆ ಬಂದ ಮುಕ್ಕಾಲು ಜನ ನೇರ ಮೆಟ್ಟಿಲು ಹತ್ತಿ, ಮೇಲೆ ನಿಂತು ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಇರುವ ಮಜಾ ಎಲ್ಲ ಕೆಳಗೆ, ಗೋಡೆಯಲ್ಲಿ. ಬೆಳಿಗ್ಗೆ ಬೇಗ ಹೋದರೆ ಪೂರ್ವದ ಗೋಡೆಗೆ ಓರೆ ಬಿಸಿಲು ಬೀಳುತ್ತೆ, ಟಾರ್ಚೂ ಬೇಡ. ನಾವು ದಿಬ್ಬವನ್ನು ಪ್ರದಕ್ಷಿಣೆ ಹಾಕಿದೆವು. ಆನೆಗಳ ಸಾಲು, ಕುದುರೆ ಹಿಡಿದು ತಂದ ಪರದೇಶದ ವ್ಯಾಪಾರಿಗಳು, ಒಂಟೆ, ಜಿಂಕೆ ಬೇಟೆ, ಕುಸ್ತಿ, ಕೋಲಾಟ. ನಡುನಡುವೆ ರಾಜ.

ಇಲ್ಲಿನ ರಾಜನಿಗೆ ಮುಖ ಇಲ್ಲವೆಂದೇ ಹೇಳಬೇಕು. ಒಂದು, ಕಲ್ಲು ಸವೆದಿದೆ. ಎರಡು, ಕೆತ್ತಿದವನಿಗೂ ಮುಖ ಬೇಕಿರಲಿಲ್ಲ. ರಾಜ ಅಂತ ಗೊತ್ತಾಗುವುದು ಅವನು ಎತ್ತರದ ಪೀಠದ ಮೇಲೆ ಕೂತಿದ್ದಾನೆ, ಉಳಿದವರು ನಿಂತಿದ್ದಾರೆ ಅನ್ನುವುದರಿಂದ. ಕೂತವನ ತಲೆ ನಿಂತವರ ತಲೆಗಿಂತ ಮೇಲಿದೆ. ಹಾಗಾದರೆ ಇವನು ಎದ್ದು ನಿಂತರೆ ಎಷ್ಟೆತ್ತರ ಇರಬಹುದು ಅಂತ ಲೆಕ್ಕ ಹಾಕಿ ನಾನು ನಕ್ಕೆ. ಎದುರು ನಿಂತವರ ಬೆನ್ನು ಸ್ವಲ್ಪ ಬಾಗಿದೆ, ಕೈ ಮುಂದೆ ಬಂದಿದೆ. ಹಿಂದೆ ಚಾಮರದವರು ಇಲ್ಲೂ ಇದ್ದಾರೆ. ಸಾವಿರಕ್ಕೂ ಹೆಚ್ಚು ವರ್ಷ ಕಳೆದು, ಬೌದ್ಧರ ಸ್ತೂಪ ಹೋಗಿ ವಿಜಯನಗರ ಬಂದರೂ ಆ ಕೆಲಸ ಹಾಗೇ ನಡೆದುಕೊಂಡು ಬಂದಿದೆ.

ಕನಗನಹಳ್ಳಿಗೂ ಇಲ್ಲಿಗೂ ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅಲ್ಲಿ ರಾಜನೇ ಸ್ತೂಪಕ್ಕೆ ಕಾಣಿಕೆ ಕೊಡಲು ಬಂದವನು. ಇಲ್ಲಿ ಲೋಕವೆಲ್ಲ ಅವನ ಹತ್ತಿರ ಕಾಣಿಕೆ ತಂದಿದೆ. ಇದು ಬರೀ ಗೋಡೆಯಲ್ಲ, ಮಹಾನವಮಿ ಹಬ್ಬದಲ್ಲಿ ರಾಜ ಕೂರುತ್ತಿದ್ದ ದಿಬ್ಬದ ಗೋಡೆ. ಮೇಲೆ ನಿಜವಾದ ರಾಜ, ಕೆಳಗೆ ಕಲ್ಲಿನ ರಾಜ. ಕಪ್ಪ ತಂದ ಸಾಮಂತರು ಈ ಗೋಡೆ ದಾಟಿಯೇ ಹೋಗಬೇಕು. ಎಲ್ಲಿ ಹೇಗೆ ಬಾಗಬೇಕು ಅಂತ ಗೋಡೆಯೇ ಹೇಳಿಕೊಡುತ್ತೆ.

ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಹಬ್ಬವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಕೃಷ್ಣದೇವರಾಯ ಮಧ್ಯಮ ಎತ್ತರ, ಬಿಳುಪು ಮೈಬಣ್ಣ, ಸಣ್ಣಗಲ್ಲ, ಸ್ವಲ್ಪ ದಪ್ಪವೇ, ಮುಖದ ಮೇಲೆ ಸಿಡುಬಿನ ಕಲೆಗಳಿವೆ ಅನ್ನುತ್ತಾನೆ. ಹಂಪಿಯ ಯಾವ ಕಲ್ಲೂ ಹೇಳದ ಮಾತಿದು. ಅದಕ್ಕಿಂತ ನನಗೆ ಹಿಡಿಸಿದ್ದು ಅವನ ಕುದುರೆಯ ವರ್ಣನೆ. ಹಬ್ಬದ ಮೆರವಣಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಂಗರಿಸಿದ ಒಂದು ಕುದುರೆ ಬರುತ್ತೆ, ಅದಕ್ಕೆ ರಾಜನ ಎರಡು ಕೊಡೆ. ಬೆನ್ನ ಮೇಲೆ ರಾಜ ಇಲ್ಲ. ಕನಗನಹಳ್ಳಿಯ ಖಾಲಿ ಪೀಠ ನೆನಪಾಯಿತು. ಮಾವನಿಗೆ ಹೇಳಿದೆ. ‘ಹೂಂ, ಕೊಡೆ ಇದ್ದರೆ ಸಾಕು’ ಅಂದರು, ಪೆನ್ಸಿಲ್ ಚೂಪು ಮಾಡುತ್ತಾ.

ಅಲ್ಲಿಂದ ಹಜಾರರಾಮ ಗುಡಿಗೆ ನಡೆದೇ ಹೋಗಬಹುದು. ಜನ ಒಳಗಿನ ರಾಮಾಯಣದ ಕೆತ್ತನೆ ನೋಡುತ್ತಾರೆ. ನೀವು ಪೌಳಿ ಗೋಡೆಯ ಹೊರಮೈ ತಪ್ಪಿಸಬೇಡಿ. ಕೆಳಗಿನ ಸಾಲಲ್ಲಿ ಆನೆ, ಅದರ ಮೇಲೆ ಕುದುರೆ, ಮೇಲೆ ಸೈನಿಕರು, ಇನ್ನೂ ಮೇಲೆ ಕುಣಿಯುವ ಹೆಂಗಸರು. ಮಾವತ ಅಂಕುಶ ಹಿಡಿದ ಕೈ, ಕುದುರೆಯ ಲಗಾಮು ಎಳೆದ ಕೈ, ಕೋಲು ಬಡಿಯುವ ಕೈ. ಮಾವ ಅಲ್ಲೇ ನೆಲದಲ್ಲಿ ಕೂತುಬಿಟ್ಟರು, ಊಟದ ನೆನಪೂ ಇಲ್ಲ. ಒಬ್ಬ ಸೌತೆಕಾಯಿ ಮಾರುವ ಅಕ್ಕ ಬಂದು ಹಿಂದೆ ನಿಂತು ನೋಡಿ, ‘ಎಲ್ಲಾರ ಕೈ ಅಷ್ಟ ಬರದೀರಲ್ರಿ, ಮಾರಿ ಎಲ್ಲಿ?’ ಅಂದಳು. ಮಾವನಿಗೆ ಖುಷಿಯಾಗಿ ಅವಳ ಹತ್ತಿರ ಬೇಕಾದ್ದಕ್ಕಿಂತ ಜಾಸ್ತಿ ಸೌತೆಕಾಯಿ ಕೊಂಡರು. ಉಪ್ಪು ಖಾರ ಹಚ್ಚಿದ ಸೌತೆಕಾಯಿಯೇ ಅವತ್ತಿನ ಮಧ್ಯಾಹ್ನದ ಊಟ.

ಸಂಜೆ ಅಚ್ಯುತರಾಯ ಗುಡಿಯ ಬೀದಿಯ ತುದಿಯಲ್ಲಿರುವ ವರಾಹ ಗುಡಿಗೆ ಹೋದೆವು. ಹೆಬ್ಬಾಗಿಲ ಗೋಡೆಯಲ್ಲಿ ವಿಜಯನಗರದ ಲಾಂಛನ ಇದೆ. ವರಾಹ, ಎದುರಿಗೆ ನಿಂತ ಕತ್ತಿ, ಮೇಲೆ ಸೂರ್ಯ ಚಂದ್ರ. ಬಾದಾಮಿ ಚಾಲುಕ್ಯರಿಗೂ ವರಾಹವೇ ಲಾಂಛನವಾಗಿತ್ತು. ಇಲ್ಲಿ ರಾಜನ ಆಕಾರವೇ ಇಲ್ಲ. ಈ ರಾಜ ಸತ್ತು ಅವನ ಮಗ ಬಂದರೂ, ಮನೆತನವೇ ಬದಲಾದರೂ ಹಂದಿ, ಕತ್ತಿ ಹಾಗೇ ಇರುತ್ತವೆ. ಹೊಸದಾಗಿ ಕೆತ್ತಿಸುವ ಖರ್ಚಿಲ್ಲ ಅಂತ ಮಾವ ಲೆಕ್ಕಾಚಾರದ ಮಾತಾಡಿದರು. ನನಗೇನೋ ಇಡೀ ಪ್ರವಾಸದಲ್ಲಿ ನಿಜಕ್ಕೂ ಸ್ವಲ್ಪ ಭಯ ಹುಟ್ಟಿಸಿದ ಕೆತ್ತನೆ ಇದೇ. ಕತ್ತಿ ಇದೆ, ಅದನ್ನು ಹಿಡಿದ ಕೈ ಇಲ್ಲ.

ಭಾನುವಾರ: ತುಲಾಭಾರ, ಕಮಲಾಪುರ

ಭಾನುವಾರ ವಿಠ್ಠಲ ಗುಡಿಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಆಮೇಲೆ ಜಾತ್ರೆ. ಅಲ್ಲಿ ಕೊಳ್ಳುವ ಟಿಕೆಟ್ ಎಸೆಯಬೇಡಿ. ಅದೇ ದಿನ ಕಮಲ ಮಹಲಿಗೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಅದು ನಡೆಯುತ್ತೆ. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ನಾವು ದಿನಗಳನ್ನು ಹೊಂದಿಸಿಕೊಂಡಿದ್ದೇ ಇದಕ್ಕಾಗಿ.

ವಿಠ್ಠಲ ಗುಡಿಯಿಂದ ನದಿ ಕಡೆಗೆ ಸ್ವಲ್ಪ ನಡೆದರೆ ತುಲಾಭಾರದ ಕಂಬಗಳು. ಎರಡು ಕಲ್ಲಿನ ಕಂಬ, ಮೇಲೊಂದು ತೊಲೆ, ತೊಲೆಯ ಕೆಳಗೆ ತಕ್ಕಡಿ ನೇತುಹಾಕಲು ಮೂರು ಕಲ್ಲಿನ ಬಳೆ. ರಾಜ ತನ್ನ ತೂಕದ ಚಿನ್ನ, ರತ್ನ ತೂಗಿ ದಾನ ಕೊಡುತ್ತಿದ್ದ ಅಂತ ಹೇಳುತ್ತಾರೆ. ಬಂದವರು ಮೇಲೆ ನೋಡಿ, ಬಳೆ ಎಣಿಸಿ ಹೋಗುತ್ತಾರೆ. ನೋಡಬೇಕಾದ್ದು ಕೆಳಗೆ, ಒಂದು ಕಂಬದ ಬುಡದಲ್ಲಿ. ಅಲ್ಲಿ ಒಬ್ಬ ರಾಜ, ಇಬ್ಬರು ರಾಣಿಯರು. ಕೃಷ್ಣದೇವರಾಯ, ಜೊತೆಗೆ ತಿರುಮಲದೇವಿ, ಚಿನ್ನಾದೇವಿ ಇರಬೇಕು ಅಂತ ಊಹೆ, ಹೆಸರು ಬರೆದಿಲ್ಲ.

ಎಷ್ಟು ಪುಟ್ಟದು ಅಂದರೆ ನಾವು ಮೊದಲು ಕಂಬವನ್ನು ಒಂದು ಸುತ್ತು ಹಾಕಿಯೂ ಅದನ್ನು ಕಾಣಲಿಲ್ಲ. ಮಾವ ಮಂಡಿ ಊರಿ ಕೂತು, ಟಾರ್ಚ್ ಓರೆ ಹಿಡಿದು, ಕರವಸ್ತ್ರದಿಂದ ಮೆಲ್ಲಗೆ ಗಾಳಿ ಹಾಕಿ ಧೂಳು ಹಾರಿಸಿದರು. ಮೂಗು ಬಾಯಿ ಎಲ್ಲ ಹೋಗಿದೆ. ನಿಂತ ಠೀವಿ ಮಾತ್ರ ಇದೆ. ಸಾಮ್ರಾಜ್ಯದ ರಾಜ ಕಾಲು ತಾಗುವ ಎತ್ತರದಲ್ಲಿ ಯಾಕೆ ಇದ್ದಾನೆ? ದಾನ ಕೊಡುವ ಜಾಗ, ದೇವರ ಎದುರು, ಅದಕ್ಕೇ ತನ್ನನ್ನು ಕೆಳಗಿಟ್ಟುಕೊಂಡಿರಬಹುದು ಅಂತ ನನ್ನ ಅಂದಾಜು. ಮಾವ ಒಪ್ಪಲಿಲ್ಲ. ‘ಕೆಳಗಿದ್ದರೆ ಏನಾಯ್ತು? ನೋಡೋದಕ್ಕೆ ಈಗ ನಾವು ಮಂಡಿ ಊರಿದ್ದೀವಲ್ಲ.’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಮಲಾಪುರಕ್ಕೆ ಹೋಗುವವರೆಗೂ ವಾದ ನಡೆಯಿತು.

ಕಮಲಾಪುರದ ಸಂಗ್ರಹಾಲಯದಲ್ಲಿ ಕೃಷ್ಣದೇವರಾಯ ಮತ್ತು ಇಬ್ಬರು ರಾಣಿಯರ ದೊಡ್ಡ ಪ್ರತಿಮೆಗಳಿವೆ, ತಿರುಮಲೆಯ ಗುಡಿಯಲ್ಲಿರುವ ಲೋಹದ ಮೂರ್ತಿಗಳ ಮಾದರಿ. ತಲೆಗೆ ಉದ್ದದ ಕುಲ್ಲಾಯಿ ಟೋಪಿ, ಮೈತುಂಬ ಒಡವೆ, ಎರಡೂ ಕೈ ಎದೆಯ ಮುಂದೆ ಮುಗಿದಿವೆ. ಚಾಮರದವರು ಇಲ್ಲ, ಕೊಡೆಯವರಿಲ್ಲ, ಕತ್ತಿ ಇಲ್ಲ. ತಿರುಮಲೆಯ ಮೂಲ ಮೂರ್ತಿಗಳ ಮೇಲೆ ಹೆಸರು ಕೆತ್ತಿದೆ, ಇವರು ಯಾರು ಅಂತ ಗೊತ್ತಾಗುವುದು ಅದರಿಂದ. ದೇವರ ಮುಂದೆ ತಾನೂ ಒಬ್ಬ ಭಕ್ತ ಅಂತ ತೋರಿಸುವ ವಿನಯ ಇದು. ನಿಜವಾದ ವಿನಯವೂ ಇರಬಹುದು, ಆದರೆ ಆ ಜಾಗದಲ್ಲಿ ಖಾಯಂ ಆಗಿ ಕೈಮುಗಿದು ನಿಲ್ಲಲು ಎಲ್ಲ ಭಕ್ತರಿಗೂ ಸಾಧ್ಯ ಇರಲಿಲ್ಲ ತಾನೇ? ಈ ಸಲ ಮಾವ ನನ್ನ ಮಾತು ಒಪ್ಪಿದರು. ಕೃಷ್ಣದೇವರಾಯನ ಕೈಯನ್ನೂ ಬರೆದುಕೊಂಡರು.

ಹೊಸಪೇಟೆ ಸ್ಟೇಷನ್ನಿನಲ್ಲಿ ರೈಲು ತಡ. ಬೆಂಚಿನ ಮೇಲೆ ಕೂತು ಮುಂದಿನ ಪ್ರವಾಸ ಮಾತಾಡಿದೆವು. ಮಳೆಗಾಲ ಮುಗಿದ ಮೇಲೆ ಮಹಾರಾಷ್ಟ್ರದ ನಾಣೇಘಾಟಿಗೆ ಹೋಗಬೇಕು ಅಂತ ನನಗಾಸೆ. ಅಲ್ಲಿನ ಗುಹೆಯಲ್ಲಿ ಶಾತವಾಹನ ರಾಜಮನೆತನದವರ ಸಾಲು ಪ್ರತಿಮೆಗಳಿದ್ದವು. ಸಿಮುಕ, ನಾಗನಿಕಾ, ಶಾತಕರ್ಣಿ ಅಂತ ಮೇಲೆ ಹೆಸರು ಈಗಲೂ ಇವೆ. ಪ್ರತಿಮೆಗಳು ಹೋಗಿವೆ, ಪಾದಗಳ ಗುರುತಷ್ಟೇ ಉಳಿದಿದೆ.

‘ಕೈ ಒಂದೂ ಇಲ್ವಾ?’ ಅಂದರು ಮಾವ.

‘ಒಂದೂ ಇಲ್ಲ.’

‘ಘಾಟಿ ಹತ್ತೋದು ಎಷ್ಟಿದೆ?’

ಒಳ್ಳೇ ಚಾರಣವೇ ಇದೆ ಅಂದೆ. ಮಾವ ಪಿನ್ನು ಸಿಕ್ಕಿಸಿದ ಚಪ್ಪಲಿ ನೋಡಿಕೊಂಡು, ಮೊದಲು ಒಂದು ಜೊತೆ ಶೂ ತಗೋಬೇಕು ಅಂದರು.